ಪಕ್ಕದ ದೇಶಕ್ಕೆ ಪ್ರಜಾಪ್ರಭುತ್ವ ಕಳಿಸಬಹುದೇ? ಪೊನ್ನಂಪೇಟೆಯ ಸುಬೇದಾರರಿಗೆ ಉತ್ತರ

ಪ್ರಶ್ನೆ: ನಾನು ಪೊನ್ನಂಪೇಟೆ ಕಡೆಯವನು. ಸೇನೆಯಿಂದ ಸುಬೇದಾರನಾಗಿ ನಿವೃತ್ತಿಯಾಗಿ ಈಗ ತೋಟ ನೋಡಿಕೊಂಡಿದ್ದೇನೆ. ಈ ಸಲದ ಕೈಲ್‌ಪೊಳ್ದು ಹಬ್ಬಕ್ಕೆ ನಮ್ಮ ಮನೆತನದ ಐನ್‌ಮನೆಯಲ್ಲಿ ಎಲ್ಲರೂ ಸೇರಿದ್ದಾಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗನಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಮ್ಯಾನ್ಮಾರಿನಲ್ಲಿ ಸೇನೆ ತನ್ನ ಜನರನ್ನೇ ಕೊಲ್ಲುತ್ತಿರುವಾಗ, ಅತಿ ದೊಡ್ಡ ಪ್ರಜಾಪ್ರಭುತ್ವ ಎಂದು ಎದೆ ತಟ್ಟಿಕೊಳ್ಳುವ ನಾವು ಆ ಜನರಲ್‌ಗಳ ಕೈಕುಲುಕುವುದು ನಾಚಿಕೆಗೇಡು, ವಿರೋಧಿಗಳಿಗೆ ಬಂದೂಕನ್ನಾದರೂ ಕೊಡಬೇಕು ಎನ್ನುತ್ತಾನೆ. ಅಮೆರಿಕದವರು ಜರ್ಮನಿ, ಜಪಾನ್ ಸರಿ ಮಾಡಲಿಲ್ಲವೇ ಎಂದೂ ಕೇಳುತ್ತಾನೆ. ನನ್ನ ಅನುಭವ ಬೇರೆ. 1988ರ ನವೆಂಬರಿನಲ್ಲಿ ಶ್ರೀಲಂಕಾದ ಬಟ್ಟಿಕಲೋವಾ ಹತ್ತಿರ ಮತಗಟ್ಟೆ ಕಾದ ಭಾರತೀಯ ಸೈನಿಕರಲ್ಲಿ ನಾನೂ ಒಬ್ಬ. ಒಬ್ಬಳು ಅಜ್ಜಿ ಮತ ಹಾಕಿ ಬಂದು ನನ್ನ ಕೈ ಹಿಡಿದು ಏನೋ ಹೇಳಿದಳು. ತಮಿಳು ಬಾರದ ನನಗೆ ತಿಳಿಯಲಿಲ್ಲ. ಒಂದೂವರೆ ವರ್ಷದಲ್ಲಿ ಅವರು ಆರಿಸಿದ ಸರ್ಕಾರವೂ ಇರಲಿಲ್ಲ, ನಾವೂ ಇರಲಿಲ್ಲ. ನಮ್ಮ ಕಂಪನಿಯ ನಾಲ್ವರು ವಾಪಸ್ ಬರಲಿಲ್ಲ. ಪರದೇಶಕ್ಕೆ ಪ್ರಜಾಪ್ರಭುತ್ವ ಕೊಂಡೊಯ್ಯುವುದು ಆಗುವ ಮಾತೇ? ಅದು ನಮ್ಮ ಕೆಲಸವೇ? ನಾನು ಅಲ್ಲಿ ಮಾಡಿದ್ದು ದಂಡವೇ?

ಉತ್ತರ: ಸುಬೇದಾರರೇ, ನಿಮ್ಮ ಮೂರು ಪ್ರಶ್ನೆಗಳಲ್ಲಿ ನಿದ್ದೆ ಕೆಡಿಸುತ್ತಿರುವುದು ಮೂರನೆಯದು ಎಂದು ಕಾಗದ ಓದಿದಾಗಲೇ ಅನಿಸಿತು. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ವಿದೇಶಾಂಗ ಇಲಾಖೆಯಲ್ಲಿ ವರ್ಷಗಟ್ಟಲೆ ಕಡತ ಹೊತ್ತವನು ನಾನು. ನಿಮ್ಮ ಹಾಗೆ ಬಂದೂಕು ಹಿಡಿದು ನಿಂತವನಲ್ಲ. ಹಾಗಾಗಿ ಕೆಲವು ಮಾತು ನಿಮಗೆ ದೆಹಲಿಯ ಕುರ್ಚಿಯಿಂದ ಬಂದಂತೆ ಕೇಳಿಸಿದರೆ ಸಹಿಸಿಕೊಳ್ಳಿ.

ಮೊದಲು ನಮ್ಮ ಊರಿನದೇ ಒಂದು ಕಾಗದದ ವಿಷಯ. ಅಣ್ಣನ ಮಗನಿಗೂ ಇದನ್ನು ಓದಿ ಹೇಳಿ.

1834ರ ಮೇ 7ರಂದು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಫ್ರೇಸರ್ ಒಂದು ಘೋಷಣೆ ಹೊರಡಿಸಿದ. ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಂತೆ ಈ ಸೀಮೆಯನ್ನು ಕಂಪನಿ ಸರ್ಕಾರದ ಆಶ್ರಯಕ್ಕೆ ತೆಗೆದುಕೊಳ್ಳಲಾಗಿದೆ ಎಂಬುದು ಅದರ ತಾತ್ಪರ್ಯ. ಕೊಡಗಿನ ಕೊನೆಯ ರಾಜ ಚಿಕವೀರರಾಜೇಂದ್ರ ಒಳ್ಳೆಯವನಾಗಿದ್ದ ಎಂದು ನಾನು ವಾದಿಸುವುದಿಲ್ಲ. ಅವನ ಕ್ರೌರ್ಯಕ್ಕೆ ಹೆದರಿದವರು ಅರಮನೆಯಲ್ಲೇ ಇದ್ದರು. ಸ್ವಂತ ತಂಗಿ ದೇವಮ್ಮಾಜಿ ಗಂಡ ಚೆನ್ನಬಸಪ್ಪನೊಂದಿಗೆ ಗಡಿ ದಾಟಿ ಮೈಸೂರಿನ ಬ್ರಿಟಿಷ್ ರೆಸಿಡೆಂಟನ ಆಶ್ರಯಕ್ಕೆ ಓಡಿದ್ದಳು. ರಾಜ ಹೋದದ್ದಕ್ಕೆ ನಿಟ್ಟುಸಿರು ಬಿಟ್ಟವರೂ ಇದ್ದಿರಬೇಕು. ಆದರೆ ‘ಒಮ್ಮತ’ ಎಂದು ಎಣಿಸಿದವರು ಯಾರು? ಕೇಳಿದವರೂ ಅವರೇ, ಉತ್ತರ ಬರೆದುಕೊಂಡವರೂ ಅವರೇ. ಮೂರು ವರ್ಷ ಕಳೆಯುವಷ್ಟರಲ್ಲಿ, ಕಾಳಿನಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಿ ಎಂದಾಗ ಅಮರಸುಳ್ಯದ ಕಡೆಯ ರೈತರು ಎದ್ದರು. ಅವರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲೇ ನೇಣಿಗೆ ಹಾಕಿದರು. ದುಷ್ಟ ರಾಜನಿಂದ ಬಿಡಿಸಲು ಬಂದವರು ಕೊಡಗಿಗೊಂದು ಶಾಸನ ಪರಿಷತ್ತು ಕೊಟ್ಟದ್ದು 1924ರಲ್ಲಿ, ಅಂದರೆ ತೊಂಬತ್ತು ವರ್ಷದ ಮೇಲೆ. ವಯಸ್ಕರೆಲ್ಲ ಮತ ಹಾಕಿ 24 ಜನರ ವಿಧಾನಸಭೆ ಆರಿಸಿ, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದದ್ದು 1952ರಲ್ಲಿ. ಅಷ್ಟರಲ್ಲಿ ಬ್ರಿಟಿಷರು ಗಂಟುಮೂಟೆ ಕಟ್ಟಿಯಾಗಿತ್ತು.

ಇರಾಕಿನ ಕಥೆ ಓದುವಾಗೆಲ್ಲ ನನಗೆ ಇದೇ ನೆನಪಾಗುತ್ತದೆ. ಅಲ್ಲೂ ರಾಜನ ಬದಲಿಗೆ ಸದ್ದಾಂ ಎಂಬ ನಿಜವಾದ ಕ್ರೂರಿ ಇದ್ದ. ಅಲ್ಲೂ ದೇಶ ಬಿಟ್ಟು ಓಡಿದವರು ಇದ್ದರು. ಅಹ್ಮದ್ ಚಲಬಿಯ ಗುಂಪು ಅಮೆರಿಕದವರ ಕಿವಿಗೆ ಅವರು ಕೇಳಲು ಬಯಸಿದ್ದನ್ನೇ ಊದುತ್ತಿತ್ತು. 2003ರಲ್ಲಿ ಅಮೆರಿಕ ದಾಳಿಗೆ ಹೇಳಿದ ಕಾರಣ ಮಹಾವಿನಾಶದ ಅಸ್ತ್ರ. ಅದು ಸಿಗಲಿಲ್ಲ. ಆಮೇಲೆ ಪ್ರಜಾಪ್ರಭುತ್ವದ ಮಾತು ಮುಂದೆ ಬಂತು.

ಹಾಗಾದರೆ ಇದೆಲ್ಲ ಎಣ್ಣೆಗಾಗಿ ಹಾಕಿದ ಮುಖವಾಡವೇ? ನಮ್ಮಲ್ಲಿ ಬಹುಪಾಲು ಜನ ಹಾಗೆ ನಂಬಿದ್ದಾರೆ. ನಾನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ವಿದೇಶಾಂಗ ನೀತಿಯಲ್ಲಿ ಒಂದೇ ಉದ್ದೇಶಕ್ಕೆ ನಡೆಯುವ ಕೆಲಸವನ್ನು ನಾನು ಕಂಡಿಲ್ಲ. ಒಂದೇ ಕಡತದಲ್ಲಿ ಆದರ್ಶದ ಟಿಪ್ಪಣಿ ಇರುತ್ತದೆ, ವ್ಯಾಪಾರದ ಟಿಪ್ಪಣಿ ಇರುತ್ತದೆ, ಭದ್ರತೆಯವರ ಕೆಂಪು ಗೀಟೂ ಇರುತ್ತದೆ. 1917ರಲ್ಲಿ ವುಡ್ರೋ ವಿಲ್ಸನ್ ಜಗತ್ತನ್ನು ಪ್ರಜಾಪ್ರಭುತ್ವಕ್ಕೆ ಸುರಕ್ಷಿತವಾಗಿಸಬೇಕು ಎಂದು ಯುದ್ಧಕ್ಕಿಳಿದಾಗ ಅವರು ಅದನ್ನು ನಂಬಿಯೇ ಇದ್ದರು ಎಂದು ನನ್ನ ಎಣಿಕೆ. ಅದೇ ಹೊತ್ತಿಗೆ ಅವರ ಸೈನಿಕರು ಹೈಟಿ ದೇಶವನ್ನು ಹಿಡಿದು ಕೂತಿದ್ದರು, 1915ರಿಂದ 1934ರವರೆಗೆ. 1953ರಲ್ಲಿ ಇರಾನಿನ ಮೊಸಾದೆಕ್ ಸರ್ಕಾರವನ್ನೂ ಮರುವರ್ಷ ಗ್ವಾಟೆಮಾಲದ ಚುನಾಯಿತ ಸರ್ಕಾರವನ್ನೂ ಬೀಳಿಸಿದ ದೇಶವೇ 1983ರಲ್ಲಿ ಪ್ರಜಾಪ್ರಭುತ್ವಕ್ಕೆಂದು ದತ್ತಿನಿಧಿ ತೆರೆಯಿತು. ಆ ನಿಧಿಯ ಹಣದಿಂದ ಪೋಲೆಂಡಿನ ಕಾರ್ಮಿಕರಿಗೆ ನೆರವಾದದ್ದೂ ಸುಳ್ಳಲ್ಲ. ಎರಡೂ ನಿಜ. ಉದ್ದೇಶ ಶುದ್ಧವೋ ಅಲ್ಲವೋ ಎಂದು ಕೂದಲು ಸೀಳುವುದಕ್ಕಿಂತ, ಕರೆದವರು ಯಾರು, ಬಂದವರು ಹೊರಟ ಮೇಲೆ ಅಲ್ಲಿ ನಿಲ್ಲುವವರು ಯಾರು ಎಂದು ಕೇಳುವುದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಇನ್ನು ಅಣ್ಣನ ಮಗನ ಜರ್ಮನಿ, ಜಪಾನ್. ಬುದ್ಧಿವಂತರೆಲ್ಲ ಇದೇ ಉದಾಹರಣೆ ಎತ್ತುತ್ತಾರೆ. 2003ರಲ್ಲಿ ವಾಷಿಂಗ್ಟನ್ನಿನವರೂ ಎತ್ತಿದ್ದರು. ತೋಟದ ಲೆಕ್ಕದಲ್ಲಿ ಹೇಳಿದರೆ ನಿಮಗೆ ಬೇಗ ಹಿಡಿಯುತ್ತದೆ. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಿಡಿಯುತ್ತೀರಿ. ರೆಂಬೆಯಲ್ಲಿ ಮೊಗ್ಗು ಕೂತಿದ್ದರೆ ಕೆಲವೇ ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಮೊಗ್ಗಿಲ್ಲದ ಗಿಡಕ್ಕೆ ಹೊಳೆಯನ್ನೇ ತಿರುಗಿಸಿದರೂ ಹೂ ಬಾರದು. ಹೂ ಬಂದ ಮೇಲೆ ಬ್ಯಾಕಿಂಗ್ ನೀರು ಕೊಡದಿದ್ದರೆ ಕಾಯಿ ಕಚ್ಚದು. ಜಪಾನಿನಲ್ಲಿ 1890ರಿಂದ ಸಂಸತ್ತಿತ್ತು, 1925ರಲ್ಲಿ ವಯಸ್ಕ ಗಂಡಸರಿಗೆಲ್ಲ ಮತದ ಹಕ್ಕು ಬಂದಿತ್ತು. ಜರ್ಮನಿಯಲ್ಲಿ 1919ರಲ್ಲೇ ಹೆಂಗಸರೂ ಮತ ಹಾಕಿದ್ದರು. ಪಕ್ಷ, ಸಂಘ, ಪತ್ರಿಕೆ, ನ್ಯಾಯಾಲಯ ಎಲ್ಲ ಕಂಡ ಜನ ಅವರು. ನಡುವೆ ಸರ್ವಾಧಿಕಾರ ಬಂದು ಎಲ್ಲವನ್ನೂ ಹೊಸಕಿತ್ತು, ಬೇರು ಸತ್ತಿರಲಿಲ್ಲ. ಅದರ ಮೇಲೆ ಜಪಾನಿನಲ್ಲಿ 1952ರವರೆಗೆ ಆಕ್ರಮಣ ಆಡಳಿತ ಇತ್ತು, ಯುರೋಪನ್ನು ಮತ್ತೆ ಕಟ್ಟಲು ಅಮೆರಿಕದ ಮಾರ್ಷಲ್ ಯೋಜನೆಯ ಹಣ ಹರಿಯಿತು. ಅಮೆರಿಕದ ಸೈನಿಕರು ಎರಡೂ ಕಡೆ ಇಂದಿಗೂ ಇದ್ದಾರೆ. ಹಳೆಯ ಗುಮಾಸ್ತರನ್ನೂ ಪೊಲೀಸರನ್ನೂ ಬಹುಪಾಲು ಉಳಿಸಿಕೊಂಡರು. ಇರಾಕಿನಲ್ಲಿ ಮಾಡಿದ್ದೇನು? 2003ರ ಮೇ ತಿಂಗಳಲ್ಲಿ ಎರಡು ಆದೇಶ. ಒಂದರಲ್ಲಿ ಸದ್ದಾಂನ ಬಾತ್ ಪಕ್ಷದವರನ್ನು ಕೆಲಸದಿಂದ ಕಿತ್ತರು, ಇನ್ನೊಂದರಲ್ಲಿ ಸೇನೆಯನ್ನೇ ವಿಸರ್ಜಿಸಿದರು. ಲಕ್ಷಾಂತರ ಬಂದೂಕುಧಾರಿಗಳನ್ನು ಸಂಬಳವಿಲ್ಲದೆ, ಪಿಂಚಣಿಯಿಲ್ಲದೆ ಮನೆಗೆ ಕಳಿಸಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೆ? 2005ರ ಜನವರಿಯಲ್ಲಿ ಚುನಾವಣೆ ನಡೆಯಿತು, ಜನ ಶಾಯಿ ಹಚ್ಚಿದ ಬೆರಳು ಎತ್ತಿ ತೋರಿಸಿದರು. ಹೂ ನಿಜವಾದದ್ದೇ. ಮರುವರ್ಷ ಬೀದಿ ಬೀದಿಯಲ್ಲಿ ಹೆಣ ಬಿತ್ತು.

ಇದಕ್ಕೆ ತದ್ವಿರುದ್ಧವಾದ ಒಂದು ಮಾತೂ ಚಾಲ್ತಿಯಲ್ಲಿದೆ: ಕೆಲವು ಜನಾಂಗಗಳಿಗೆ ಪ್ರಜಾಪ್ರಭುತ್ವ ಒಗ್ಗುವುದೇ ಇಲ್ಲ ಎಂದು. ಕ್ಲಬ್ಬುಗಳಲ್ಲಿ ಕೂತು ಇದನ್ನು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ನಮ್ಮ ಮೊದಲ ಮಹಾಚುನಾವಣೆಯಲ್ಲಿ ಹದಿನೇಳು ಕೋಟಿ ಮತದಾರರಿದ್ದರು, ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ನಮಗೂ ಒಗ್ಗುವುದಿಲ್ಲ ಎಂದೇ ಪಂಡಿತರು ಹೇಳಿದ್ದರು. ಆ ಚುನಾವಣೆ ನಡೆಸಿದ ಸುಕುಮಾರ್ ಸೇನ್ ಅವರನ್ನು 1953ರಲ್ಲಿ ಸುಡಾನಿಗೆ ಕರೆಸಿಕೊಂಡರು, ಅಲ್ಲಿನ ಮೊದಲ ಚುನಾವಣೆಯ ಆಯೋಗದ ಅಧ್ಯಕ್ಷರಾಗಿ. ಪರದೇಶದ ಪ್ರಜಾಪ್ರಭುತ್ವಕ್ಕೆ ಸ್ವತಂತ್ರ ಭಾರತದ ಮೊದಮೊದಲ ಕೊಡುಗೆಗಳಲ್ಲಿ ಅದೊಂದು. ಬಂದೂಕಿಲ್ಲ, ಭಾಷಣವಿಲ್ಲ, ಒಬ್ಬ ಗಣಿತ ಬಲ್ಲ ಅಧಿಕಾರಿ. ಚುನಾವಣೆ ಚೆನ್ನಾಗಿಯೇ ಆಯಿತು. 1958ರಲ್ಲಿ ಅಲ್ಲಿನ ಸೇನೆ ದಂಗೆ ಎದ್ದು ಎಲ್ಲವನ್ನೂ ನುಂಗಿತು. ಕರೆಸಿಕೊಂಡು, ಅಚ್ಚುಕಟ್ಟಾಗಿ ಮಾಡಿಸಿಕೊಂಡ ಕೆಲಸವೂ ಉಳಿಯುತ್ತದೆಂಬ ಖಾತರಿ ಇಲ್ಲ.

ಭಾರತ ಬೇರೆಯವರ ಮನೆಯ ಉಸಾಬರಿಗೆ ಹೋಗುವುದಿಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. 1954ರ ಪಂಚಶೀಲದಲ್ಲಿ ಹಾಗೆ ಬರೆದುಕೊಂಡಿದ್ದೇವೆ, ಸರಿ. ಆದರೆ ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ 1946ರಲ್ಲೇ ವ್ಯಾಪಾರ ನಿಲ್ಲಿಸಿದ್ದು ನಾವು. 2005ರ ನವೆಂಬರಿನಲ್ಲಿ ನೇಪಾಳದ ಏಳು ಪಕ್ಷಗಳೂ ಮಾವೋವಾದಿಗಳೂ ರಾಜನ ವಿರುದ್ಧ ಹನ್ನೆರಡು ಅಂಶದ ಒಪ್ಪಂದಕ್ಕೆ ಬಂದದ್ದು ದೆಹಲಿಯಲ್ಲಿ. ಜಾಗ ನಮ್ಮದು, ಒಪ್ಪಂದ ಅವರದು. ಮರುವರ್ಷ ರಾಜ ಮಣಿದ, 2008ರಲ್ಲಿ ಗಣರಾಜ್ಯವಾಯಿತು. ಅದೇ ನೇಪಾಳ 2015ರಲ್ಲಿ ತನ್ನ ಸಂವಿಧಾನ ತಾನೇ ಬರೆದುಕೊಂಡಾಗ ಅದರ ಕೆಲವು ಭಾಗ ನಮಗೆ ಹಿಡಿಸಲಿಲ್ಲ. ಗಡಿಯಲ್ಲಿ ಲಾರಿಗಳು ನಿಂತವು. ನಾವು ತಡೆದಿಲ್ಲ ಎಂದು ದೆಹಲಿ ಹೇಳಿತು. ಭೂಕಂಪದ ಪೆಟ್ಟಿನಿಂದ ಇನ್ನೂ ಏಳದ ಜನ, ಗ್ಯಾಸ್ ಸಿಲಿಂಡರಿಗೆ ಸಾಲು ನಿಂತವರು, ಅದನ್ನು ಒಪ್ಪಲಿಲ್ಲ. ಹತ್ತು ವರ್ಷದಲ್ಲಿ ಗಳಿಸಿದ್ದನ್ನು ನಾಲ್ಕು ತಿಂಗಳಲ್ಲಿ ಕಳೆದುಕೊಂಡೆವು. ಐನ್‌ಮನೆಯಲ್ಲಿ ಯಾರು ಪಟ್ಟೆದಾರ, ಅಂದರೆ ಯಜಮಾನ, ಎಂಬುದು ಆ ಒಕ್ಕದವರು, ಆ ಮನೆತನದವರು ತೀರ್ಮಾನಿಸುವ ವಿಷಯ. ಪಕ್ಕದ ತೋಟದವನು ಅಂಗಳದಲ್ಲಿ ಕೂತು ಮಾತಾಡಿಕೊಳ್ಳಲು ಚಾಪೆ ಹಾಸಿಕೊಡಬಹುದು. ಇಂಥವನೇ ಆಗಬೇಕೆಂದು ದಾರಿಗೆ ಬೇಲಿ ಹಾಕಿದರೆ, ಒಳಗೆ ಜಗಳವಾಡುತ್ತಿದ್ದವರೂ ಒಂದಾಗಿ ಅವನ ಮೇಲೆ ಬೀಳುತ್ತಾರೆ.

ದಾರಿಗಳು ಯಾವುವು, ಅಪಾಯ ಏನು ಎಂದು ನೀವು ನೇರವಾಗಿ ಕೇಳಿಲ್ಲ. ಆದರೂ ಅಣ್ಣನ ಮಗನ ವಾದಕ್ಕೆ ಅದೇ ಉತ್ತರ.

ಸೈನ್ಯ ಕಳಿಸುವ ದಾರಿಯ ಬೆಲೆ ನಿಮಗೇ ಗೊತ್ತು, ಅದನ್ನು ಬಿಡಿ. ನಿರ್ಬಂಧ ಹೇರುವುದು ಎರಡನೆಯದು. ದಕ್ಷಿಣ ಆಫ್ರಿಕಾದಲ್ಲಿ ಅದು ಕೆಲಸ ಮಾಡಿದ್ದಕ್ಕೆ ಒಂದು ಕಾರಣ, ನಿರ್ಬಂಧ ಹಾಕಿ ಎಂದು ಕೇಳಿದವರು ಅಲ್ಲಿನ ಹೋರಾಟಗಾರರೇ. ನಮ್ಮ ಹೊಟ್ಟೆಗೂ ಪೆಟ್ಟು ಬೀಳುತ್ತದೆ, ಬೀಳಲಿ ಎಂದರು. ಮ್ಯಾನ್ಮಾರಿನ ಆಮದನ್ನು ಅಮೆರಿಕ 2003ರಲ್ಲಿ ನಿಷೇಧಿಸಿದಾಗ ಕೆಲಸ ಕಳೆದುಕೊಂಡವರು ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಜನರಲ್‌ಗಳು ಚೀನಾದ ಕಡೆ ತಿರುಗಿ ಆರಾಮವಾಗಿದ್ದರು.

ಹಣ ಕೊಡುವ ದಾರಿ ಮೂರನೆಯದು: ಪಕ್ಷಗಳಿಗೆ, ಪತ್ರಿಕೆಗಳಿಗೆ, ಸಂಘಸಂಸ್ಥೆಗಳಿಗೆ. ಇದರ ಅಪಾಯ ನಾನು ಹತ್ತಿರದಿಂದ ಕಂಡದ್ದು. ಆಫ್ರಿಕಾದ ಒಂದು ದೇಶದಲ್ಲಿದ್ದಾಗ ಅಲ್ಲಿನ ಒಬ್ಬ ಪತ್ರಕರ್ತರು ನನ್ನ ಮನೆಗೆ ಊಟಕ್ಕೆ ಬಂದವರು ಹೇಳಿದ್ದರು: “ನಿಮ್ಮವರ ಒಂದು ಡಾಲರ್ ನನ್ನ ಖಾತೆಗೆ ಬಿದ್ದ ದಿನ ಸರ್ಕಾರಕ್ಕೆ ನನ್ನ ಬಾಯಿ ಮುಚ್ಚಿಸಲು ಕಾರಣ ಸಿಕ್ಕಂತೆ. ಬರೆದದ್ದು ಸತ್ಯವೇ ಎಂದು ಆಮೇಲೆ ಯಾರೂ ಕೇಳುವುದಿಲ್ಲ.” ನಗಬೇಡಿ, ಈ ಅನುಮಾನ ನಮ್ಮಲ್ಲೂ ಕಡಿಮೆ ಇಲ್ಲ. ವಿದೇಶಿ ದೇಣಿಗೆ ನಿಯಂತ್ರಿಸುವ ನಮ್ಮ ಮೊದಲ ಕಾಯ್ದೆ ಬಂದದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ. ಇದಲ್ಲದೆ, ಕೊಡುವವನ ಕೈ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. 2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು. ಅದನ್ನು ನೆಚ್ಚಿದ್ದ ಎಷ್ಟೋ ದೇಶಗಳ ಸಣ್ಣ ಪತ್ರಿಕೆಗಳು ತಿಂಗಳೊಪ್ಪತ್ತಿನಲ್ಲಿ ಬೀದಿಗೆ ಬಂದವು.

ಬಹುಮಾನ ತೋರಿಸುವುದು ಇನ್ನೊಂದು ದಾರಿ. ಯುರೋಪಿನ ಒಕ್ಕೂಟ ಇದರಲ್ಲಿ ನಿಸ್ಸೀಮ. ಸರ್ವಾಧಿಕಾರ ಕಳಚಿದ ಸ್ಪೇನ್, ಪೋರ್ಚುಗಲ್ ದೇಶಗಳಿಗೆ ನಮ್ಮ ಮಾರುಕಟ್ಟೆ ಬೇಕಾದರೆ ನಿಮ್ಮ ಮನೆ ಹೀಗಿರಬೇಕು ಎಂದಿತು. 1986ರಲ್ಲಿ ಇಬ್ಬರೂ ಒಳಗೆ ಬಂದರು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಫಲ ಕೊಟ್ಟ ಉಪಾಯ ಇದೇ. ಆದರೆ ಕೊಡಲು ಅಂಥ ಬಹುಮಾನ ನಮ್ಮ ಹತ್ತಿರ ಇಲ್ಲ, ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್ ಸದಸ್ಯತ್ವಕ್ಕೆ ಯಾರು ಜೊಲ್ಲು ಸುರಿಸುತ್ತಾರೆ?

ತಾಂತ್ರಿಕ ನೆರವು ನಮಗೆ ಒಗ್ಗಿದ ಹಾದಿ. ಭೂತಾನದ ರಾಜ ತಾನಾಗಿಯೇ ಅಧಿಕಾರ ಬಿಟ್ಟು 2008ರಲ್ಲಿ ಚುನಾವಣೆ ಮಾಡಿಸಿದಾಗ ಮತಯಂತ್ರ ಹೋದದ್ದು ಇಲ್ಲಿಂದ. ಚುನಾವಣಾ ಆಯೋಗ ದೆಹಲಿಯಲ್ಲಿ ಒಂದು ತರಬೇತಿ ಸಂಸ್ಥೆ ನಡೆಸುತ್ತದೆ, ಎಷ್ಟೋ ದೇಶಗಳ ಅಧಿಕಾರಿಗಳು ಅಲ್ಲಿಗೆ ಬರುತ್ತಾರೆ. ಅಪಾಯ ಇಲ್ಲೂ ಇದೆ. ನಾಟಕದ ಚುನಾವಣೆಗೆ ನಮ್ಮ ಮೊಹರು ಬಳಸಿಕೊಳ್ಳುತ್ತಾರೆ. ಕಟ್ಟಡ ಕಟ್ಟಿಕೊಟ್ಟರಂತೂ ಇನ್ನೂ ಕಷ್ಟ: ಕಾಬೂಲಿನ ಸಂಸತ್ ಭವನ ನಾವು ಕಟ್ಟಿಸಿದ್ದು, 2015ರ ಡಿಸೆಂಬರ್ 25ರಂದು ಪ್ರಧಾನಿ ಮೋದಿ ಉದ್ಘಾಟಿಸಿದರು. 2021ರ ಆಗಸ್ಟ್ 15ರಂದು ತಾಲಿಬಾನ್ ಊರೊಳಗೆ ಬಂತು. ಭವನ ಗಟ್ಟಿಮುಟ್ಟಾಗಿದೆ, ಸಂಸತ್ತಿಲ್ಲ.

ಈಗ ಮ್ಯಾನ್ಮಾರ್. 1988ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದಾಗ ಭಾರತ ಬಹಿರಂಗವಾಗಿ ಅವರ ಪರ ನಿಂತಿತ್ತು, ಆಕಾಶವಾಣಿಯ ಬರ್ಮೀ ಪ್ರಸಾರ ಸೇನೆಯನ್ನು ಚುಚ್ಚುತ್ತಿತ್ತು. ದೆಹಲಿಯಲ್ಲಿ ಓದಿದ ಆಂಗ್ ಸಾನ್ ಸೂಕಿಗೆ ನೆಹರೂ ಪ್ರಶಸ್ತಿಯನ್ನೂ ಕೊಟ್ಟೆವು. 1990ರ ದಶಕದ ನಡುವೆ ನೀತಿ ಬದಲಾಯಿತು. 1,643 ಕಿಲೋಮೀಟರ್ ಗಡಿ, ಆಚೆ ಅಡಗಿದ ನಮ್ಮ ಈಶಾನ್ಯದ ಉಗ್ರರು, ಹತ್ತಿರ ಬರುತ್ತಿದ್ದ ಚೀನಾ. ಅಣ್ಣನ ಮಗನ ನಾಚಿಕೆ ನನಗೂ ಇದೆ. 2021ರ ಫೆಬ್ರವರಿ 1ರ ದಂಗೆಯ ನಂತರ ನಾವು ಇನ್ನೂ ಗಟ್ಟಿಯಾಗಿ ಮಾತಾಡಬಹುದಿತ್ತು. ಆದರೆ ಬಂದೂಕು? ಗಡಿಯಾಚೆಯ ಚಿನ್ ಬೆಟ್ಟಕ್ಕೆ ಕಳಿಸಿದ ಬಂದೂಕು ಮಣಿಪುರದಲ್ಲಿ ಪ್ರತ್ಯಕ್ಷವಾಗಲು ಎಷ್ಟು ದಿನ ಬೇಕು? ಅಸ್ಸಾಂ ರೈಫಲ್ಸಿನಲ್ಲಿದ್ದ ನಿಮ್ಮ ಗೆಳೆಯರನ್ನು ಕೇಳಿ ನೋಡಲಿ.

ನನ್ನ ಕೈಯಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಜನರಲ್‌ಗಳಿಗೆ ಆಯುಧ ಮಾರುವುದಿಲ್ಲ. ಅವರು ತಾವೇ ನಡೆಸುವ ಚುನಾವಣೆಗೆ ವೀಕ್ಷಕರನ್ನು ಕಳಿಸುವುದಿಲ್ಲ. ಗಡಿಯಾಚೆಯ ಊರುಗಳನ್ನು ಈಗ ಯಾರು ಆಳುತ್ತಿದ್ದಾರೋ ಅವರೊಂದಿಗೂ ಮಾತಾಡುತ್ತೇನೆ, ಔಷಧಿ, ಅಕ್ಕಿ ಹೋಗಲು ಬಿಡುತ್ತೇನೆ. ಓಡಿಬಂದವರನ್ನು ಹಿಂದಕ್ಕೆ ತಳ್ಳುವುದಿಲ್ಲ. ಇದರಿಂದ ಜನರಲ್‌ಗಳು ಮುನಿದು ಉಗ್ರರಿಗೆ ಮತ್ತೆ ನೆಲೆ ಕೊಡಬಹುದು, ಅಲ್ಲಿನ ಸಿಟ್ವೆ ಬಂದರಿನಿಂದ ಮಿಜೋರಾಂಗೆ ದಾರಿ ಮಾಡುವ ನಮ್ಮ ಯೋಜನೆ ಇನ್ನಷ್ಟು ತಡವಾಗಬಹುದು. ಆ ನಷ್ಟ ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಮಿಜೋರಾಂ ಜನ ದೆಹಲಿಯ ಅಪ್ಪಣೆಗೆ ಕಾಯದೆ ಸಾವಿರಾರು ಚಿನ್ ನಿರಾಶ್ರಿತರಿಗೆ ಚರ್ಚು, ಶಾಲೆ ತೆರೆದುಕೊಟ್ಟರು. ನಮ್ಮ ನೀತಿಯಲ್ಲಿ ಮಾನ ಉಳಿಸಿದ್ದು ಅದೊಂದೇ ಎಂದು ನನಗನಿಸುತ್ತದೆ.

ಆಸರೆ ಕೊಡುವುದೂ ಒಂದು ನೀತಿಯೇ ಎಂದು ಅಣ್ಣನ ಮಗ ಮೂಗು ಮುರಿದರೆ ಕುಶಾಲನಗರದಿಂದ ಹೊಳೆ ದಾಟಿಸಿ ಬೈಲಕುಪ್ಪೆಗೆ ಕರೆದುಕೊಂಡು ಹೋಗಿ. ಚಿನ್ನದ ಬುದ್ಧನ ಮುಂದೆ ಫೋಟೋ ತೆಗೆಸಿ ಮೊಮೊ ತಿಂದು ವಾಪಸ್ ಬರಬೇಡಿ, ಅಲ್ಲಿನ ಟಿಬೆಟಿ ನಿರಾಶ್ರಿತರಲ್ಲಿ ಹಿರಿಯರೊಬ್ಬರನ್ನು ಮಾತಾಡಿಸಿ. 1960ರ ಸುಮಾರಿಗೆ ಕಾಡು ಕಡಿದು ನೆಲೆ ನಿಂತವರು. ಟಿಬೆಟಿನಲ್ಲಿ ಇರುವಾಗ ಮತ ಹಾಕಿದವರಲ್ಲ. ಇಲ್ಲಿ ತಮ್ಮ ಸಂಸತ್ತಿಗೆ ಪ್ರತಿನಿಧಿ ಆರಿಸಿದರು, 2011ರಲ್ಲಿ ದಲೈ ಲಾಮಾ ರಾಜಕೀಯ ಅಧಿಕಾರವನ್ನೇ ಚುನಾಯಿತ ನಾಯಕನಿಗೆ ಬಿಟ್ಟುಕೊಟ್ಟರು. ಅವರ ಸರ್ಕಾರವನ್ನು ಭಾರತ ಅಧಿಕೃತವಾಗಿ ಒಪ್ಪಿಲ್ಲ, ಹೀಗೆ ಆಳಿಕೊಳ್ಳಿ ಎಂದು ಪಾಠ ಹೇಳಲೂ ಇಲ್ಲ. ಜಾಗ ಕೊಟ್ಟಿತು. ತಾಯ್ನೆಲಕ್ಕೆ ಅದರಿಂದ ಬಿಡುಗಡೆ ಸಿಕ್ಕಿಲ್ಲ, ಅದೂ ಸತ್ಯ.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆಯಾಗಿದ್ದ ಸನ್ನಿಸೈಡಿಗೆ ನೀವು ಹೋಗಿಯೇ ಇರುತ್ತೀರಿ. 1953ರಲ್ಲಿ ಅವರನ್ನು ಕೊರಿಯಾಕ್ಕೆ ಕಳಿಸಿದ್ದು ತಾಯ್ನಾಡಿಗೆ ಮರಳಲು ಒಲ್ಲದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ತಂಟೆ ಬಿಡಿಸಲು. ಕಮ್ಯುನಿಸ್ಟರ ಕಡೆ ಹೋಗಬೇಕೋ ಬೇಡವೋ ಎಂದು ಒಬ್ಬೊಬ್ಬ ಕೈದಿಯೂ ತಾನೇ ಹೇಳಬೇಕು, ಹೇಳುವಾಗ ಯಾರೂ ಹೆದರಿಸಬಾರದು, ಅಷ್ಟೇ ಅವರ ಕೆಲಸ. ಎರಡೂ ಬಣದವರು ಬೈದರು. ಅವರು ಉತ್ತರ ಬರೆದುಕೊಡಲಿಲ್ಲ, ಉತ್ತರ ಹೇಳುವವನ ಬೆನ್ನಿಗೆ ನಿಂತರು.

ನಿಮ್ಮ ಮೂರನೆಯ ಪ್ರಶ್ನೆಗೆ ಬಂದೆ. 1987ರಲ್ಲಿ ನಾವು ಲಂಕೆಗೆ ಹೋದದ್ದು ಪ್ರಜಾಪ್ರಭುತ್ವ ಬಿತ್ತಲು ಅಲ್ಲ. ಭಾರತ-ಶ್ರೀಲಂಕಾ ಒಪ್ಪಂದ ಜಾರಿ ಮಾಡಿಸಲು, ತಮಿಳು ಹೋರಾಟಗಾರರ ಆಯುಧ ಕೆಳಗಿಡಿಸಲು. ಹುಲಿಗಳು, ಅಂದರೆ ಎಲ್‌ಟಿಟಿಇಯವರು, ಇಡಲಿಲ್ಲ. ಆಗ ಪ್ರಾಂತೀಯ ಮಂಡಳಿಯ ಚುನಾವಣೆಯನ್ನಾದರೂ ಮಾಡಿ ತೋರಿಸೋಣ ಎಂದು ಹೊರಟರು. ಉತ್ತರದಲ್ಲಿ ಮತದಾನವೇ ನಡೆಯಲಿಲ್ಲ, ಎಲ್ಲ ಸ್ಥಾನ ಅವಿರೋಧ. ಮತ ಬಿದ್ದದ್ದು ನೀವಿದ್ದ ಪೂರ್ವದಲ್ಲಿ. ಆರಿಸಿ ಬಂದ ವರದರಾಜ ಪೆರುಮಾಳ್ ಸರ್ಕಾರವನ್ನು ಹುಲಿಗಳೂ ಒಪ್ಪಲಿಲ್ಲ, ಕೊಲಂಬೊದಲ್ಲಿ ಹೊಸದಾಗಿ ಬಂದ ಪ್ರೇಮದಾಸರಿಗೂ ಬೇಡವಾಗಿತ್ತು. ನಮ್ಮ ಸೇನೆಯೊಂದೇ ಅದರ ಆಧಾರ. 1990ರ ಮಾರ್ಚಿನಲ್ಲಿ ನೀವು ಹಡಗು ಹತ್ತಿದಿರಿ, ಪೆರುಮಾಳ್ ಭಾರತಕ್ಕೆ ಓಡಿಬಂದರು. ಸಾವಿರಕ್ಕೂ ಹೆಚ್ಚು ಸೈನಿಕರು ಅಲ್ಲೇ ಉಳಿದರು. ದೆಹಲಿಯ ತೀರ್ಮಾನ ತಪ್ಪಾಗಿತ್ತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಆ ತಪ್ಪಿನ ಕಾಗದದ ಮೇಲೆ ನಿಮ್ಮ ಸಹಿ ಇಲ್ಲ.

ಆದರೆ ಮತಗಟ್ಟೆಯ ಹೊರಗೆ ನಿಂತ ಆ ಒಂದು ದಿನ ನೀವು ಮಾಡಿದ್ದು ಬೇರೆ. ಮತ ಹಾಕಿದರೆ ಕೊಲ್ಲುತ್ತೇವೆ ಎಂಬ ಬೆದರಿಕೆಯ ನಡುವೆ ಆ ಅಜ್ಜಿ ಮನೆಯಿಂದ ಹೊರಟು ಬಂದಳು, ಹಾಕಿದಳು, ಜೀವಂತ ವಾಪಸ್ ಹೋದಳು. ಒಪ್ಪಂದದಿಂದ ಬಂದ, ಪ್ರಾಂತೀಯ ಮಂಡಳಿಗಳನ್ನು ಕೊಟ್ಟ 13ನೇ ತಿದ್ದುಪಡಿ ಶ್ರೀಲಂಕಾದ ಸಂವಿಧಾನದಲ್ಲಿ ಇಂದಿಗೂ ಇದೆ. 2008ರಲ್ಲಿ ಪೂರ್ವ ಪ್ರಾಂತ ಮತ್ತೆ ಮತ ಹಾಕಿತು. 2013ರಲ್ಲಿ ಉತ್ತರದವರು ಮೊದಲ ಸಲ ತಮ್ಮ ಮಂಡಳಿಯನ್ನು ಮತ ಹಾಕಿ ಆರಿಸಿದರು, ಈ ಸಲ ಹೊರಗಿನ ಸೇನೆಯ ಕಾವಲಿಲ್ಲದೆ. 2018ರಲ್ಲಿ ಅದರ ಅವಧಿ ಮುಗಿದ ಮೇಲೆ ಕೊಲಂಬೊ ಚುನಾವಣೆಯನ್ನು ಮುಂದಕ್ಕೆ ತಳ್ಳುತ್ತಲೇ ಬಂತು, ಅಲ್ಲಿನ ತಮಿಳು ಪಕ್ಷಗಳು ಕೇಳುತ್ತಲೇ ಇವೆ. ಬಟ್ಟಿಕಲೋವಾಕ್ಕೆ ಈಗ ಕೊಲಂಬೊದಿಂದ ರೈಲಿದೆ. ಮೊಣಕಾಲು ಗಟ್ಟಿ ಇದ್ದರೆ ಒಮ್ಮೆ ಹೋಗಿಬನ್ನಿ, ತಮಿಳು ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು.